ಓದುಗರ ಪ್ರಶ್ನೆ: ನೆಟ್‌ವರ್ಕ್ ಡಿಸ್ಕನ್ನು ದೂರದಿಂದ ನೋಡಿಕೊಳ್ಳುವುದು ಹೇಗೆ?

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಅಂಗಡಿಯಲ್ಲೋ ಕಚೇರಿಯಲ್ಲೋ ಮನೆಯಲ್ಲೋ ನೆಟ್‌ವರ್ಕ್‌ಗೆ ಸಿಕ್ಕಿಸಿಟ್ಟ ಡಿಸ್ಕ್ ಪೆಟ್ಟಿಗೆ, ಅಂದರೆ ನಾಸ್. ಅದಕ್ಕೆ ಸಾಫ್ಟ್‌ವೇರ್ ಹಾಕುವುದು, ಬೇರೆಡೆ ಕೂತು ಅದನ್ನು ನೋಡಿಕೊಳ್ಳುವುದು, ಕೈಕೊಟ್ಟಾಗ ಏನು ಮಾಡುವುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದಾಗಿಸಿದ್ದೇವೆ.

ಪ್ರಶ್ನೆ: ನಮ್ಮದು ಫೋಟೊ ಸ್ಟುಡಿಯೊ. 4 ಜಿಬಿ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಒಂದು ಸುಮ್ಮನೆ ಬಿದ್ದಿದೆ. 4 ಟಿಬಿಯ ಎರಡು ಹಾರ್ಡ್‌ಡಿಸ್ಕ್ ತಂದಿದ್ದೇವೆ. ಮದುವೆ ಫೋಟೊಗಳನ್ನೆಲ್ಲ ಅದರಲ್ಲಿಟ್ಟು ಮೂರು ಎಡಿಟಿಂಗ್ ಕಂಪ್ಯೂಟರ್‌ಗಳಿಂದ ತೆರೆಯಬೇಕು. ಯಾವ ಸಾಫ್ಟ್‌ವೇರ್ ಹಾಕಬೇಕು? ಎರಡು ಡಿಸ್ಕನ್ನೂ ಸೇರಿಸಿ ರೇಡ್ ಮಾಡಬೇಕೆ? (ಹಾಸನ)

ಉತ್ತರ: ನಿಮ್ಮ ಯಂತ್ರಕ್ಕೆ ಓಪನ್‌ಮೀಡಿಯಾವಾಲ್ಟ್ ಹೊಂದುತ್ತದೆ. ಟ್ರೂನಾಸ್ ಕೂಡ ಒಳ್ಳೆಯದೇ, ಆದರೆ ಅದು ಕನಿಷ್ಠ 8 ಜಿಬಿ ರ್‍ಯಾಮ್ ಕೇಳುತ್ತದೆ. ಓಪನ್‌ಮೀಡಿಯಾವಾಲ್ಟ್ ಉಚಿತ, ಡೆಬಿಯನ್ ಲಿನಕ್ಸ್ ಮೇಲೆ ನಿಂತಿದೆ (7ನೇ ಆವೃತ್ತಿಗೆ ಡೆಬಿಯನ್ 12 ಆಧಾರ). ಒಮ್ಮೆ ಹಾಕಿದ ಮೇಲೆ ಆ ಯಂತ್ರಕ್ಕೆ ಮಾನಿಟರ್, ಕೀಬೋರ್ಡ್ ಏನೂ ಬೇಡ. ಎಲ್ಲವನ್ನೂ ಇನ್ನೊಂದು ಕಂಪ್ಯೂಟರಿನ ಬ್ರೌಸರ್‌ನಿಂದ ಮಾಡಬಹುದು.

ಮೊದಲು ಒಂದು ಸಣ್ಣ ಎಸ್‌ಎಸ್‌ಡಿ ತನ್ನಿ, 120 ಜಿಬಿಯದು ಸಾಕೋ ಸಾಕು. ಅದು ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ. ಇನ್‌ಸ್ಟಾಲರ್ ಡಿಸ್ಕನ್ನು ಇಡಿಯಾಗಿ ನುಂಗುತ್ತದೆ, ಉಳಿದ ಜಾಗದಲ್ಲಿ ಫೋಟೊ ಇಡಲು ಬಿಡುವುದಿಲ್ಲ. ಆದ್ದರಿಂದ 4 ಟಿಬಿ ಡಿಸ್ಕ್‌ನಲ್ಲೇ ಸಿಸ್ಟಮ್ ಹಾಕುವ ಯೋಚನೆ ಬೇಡ. ಯಂತ್ರ ಹಳೆಯದಾದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿಯನ್ನೂ ಬದಲಿಸಿಬಿಡಿ. ಆ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಆಮೇಲೆ ಅಪ್‌ಡೇಟ್ ಮಾಡಲು ಹೋದರೆ ‘ಈ ಫೈಲ್ ಇನ್ನೂ ಊರ್ಜಿತವಾಗಿಲ್ಲ’ ಎಂಬರ್ಥದ ದೋಷ ಬರುತ್ತದೆ. ದಿನಾಂಕ ತಪ್ಪಿರುವುದೇ ಇದಕ್ಕೆ ಕಾರಣ ಎಂದು ಬೇಗ ಹೊಳೆಯುವುದಿಲ್ಲ.

ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಎರಡು ವಿಷಯ ಸರಿಪಡಿಸಿ. ಸಾಟಾ ಮೋಡ್ ಎಎಚ್‌ಸಿಐ ಆಗಿರಲಿ. ಕರೆಂಟು ಹೋಗಿ ಬಂದಾಗ ಏನು ಮಾಡಬೇಕು ಎಂಬ ಆಯ್ಕೆಯಲ್ಲಿ ‘ಪವರ್ ಆನ್’ ಹಾಕಿ. ಇದನ್ನು ಮರೆತರೆ ಮುಂದೆ ನೀವು ಮನೆಯಲ್ಲಿ ಕೂತು ನೋಡುವಾಗ ಸ್ಟುಡಿಯೊದ ಯಂತ್ರ ಕಾಣುವುದೇ ಇಲ್ಲ; ಒಬ್ಬರು ಹೋಗಿ ಗುಂಡಿ ಒತ್ತಬೇಕು.

ಐಎಸ್‌ಒ ಫೈಲನ್ನು ಅಧಿಕೃತ ಜಾಲತಾಣದಿಂದ ಇಳಿಸಿಕೊಂಡು, ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತೋರಿಸುವ ಸಂಖ್ಯೆ) ತಾಳೆ ನೋಡಿ, ರೂಫಸ್ ಎಂಬ ಸಾಫ್ಟ್‌ವೇರ್‌ನಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ರೂಫಸ್ ಯಾವ ಬಗೆಯಲ್ಲಿ ಬರೆಯಲಿ ಎಂದು ಕೇಳಿದರೆ ‘ಡಿಡಿ ಇಮೇಜ್’ ಆರಿಸಿ. ಇನ್ನೊಂದರಲ್ಲಿ ಬರೆದರೆ ಇನ್‌ಸ್ಟಾಲರ್ ನಡುವೆ ನಿಂತುಹೋಗುವ ಸಾಧ್ಯತೆ ಇದೆ. ಶುರು ಮಾಡುವ ಮೊದಲು ಎರಡೂ ದೊಡ್ಡ ಡಿಸ್ಕ್‌ಗಳ ಸಾಟಾ ಕೇಬಲ್ ಕಿತ್ತಿಡಿ. ಒಳಗೆ ಎಸ್‌ಎಸ್‌ಡಿ ಮಾತ್ರ ಇದ್ದರೆ ತಪ್ಪು ಡಿಸ್ಕ್ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ಲ್ಯಾನ್ ಕೇಬಲ್ ಮಾತ್ರ ಸಿಕ್ಕಿಸಿರಿ, ವೈಫೈ ನೆಚ್ಚಬೇಡಿ. ಇನ್‌ಸ್ಟಾಲರ್ ಕೇಳುವುದು ಭಾಷೆ, ದೇಶ, ಯಂತ್ರದ ಹೆಸರು, ರೂಟ್ ಪಾಸ್‌ವರ್ಡ್, ಡಿಸ್ಕ್, ಡೌನ್‌ಲೋಡ್ ಎಲ್ಲಿಂದ ಎಂಬಿಷ್ಟೇ.

ಮುಗಿದು ಮತ್ತೆ ಶುರುವಾದಾಗ ಪರದೆಯ ಮೇಲೆ ಯಂತ್ರದ ಐಪಿ ವಿಳಾಸ ಕಾಣುತ್ತದೆ, 192.168.1.20 ಅಂದುಕೊಳ್ಳಿ. ಇನ್ನೊಂದು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಅದನ್ನು ಹೊಡೆದರೆ ಕಂಟ್ರೋಲ್ ಪ್ಯಾನಲ್ ತೆರೆಯುತ್ತದೆ. ಬಳಕೆದಾರರ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಓಪನ್‌ಮೀಡಿಯಾವಾಲ್ಟ್’, ಎರಡೂ ಸಣ್ಣಕ್ಷರದ ಇಂಗ್ಲಿಷ್‌ನಲ್ಲಿ. ಇದು ಜಗತ್ತಿಗೆಲ್ಲ ಗೊತ್ತಿರುವ ಪಾಸ್‌ವರ್ಡ್, ಮೊದಲ ಕೆಲಸ ಅದನ್ನು ಬದಲಿಸುವುದು. ಎರಡನೆಯ ಕೆಲಸ ರೂಟರ್‌ನಲ್ಲಿ: ಡಿಎಚ್‌ಸಿಪಿ ಪುಟಕ್ಕೆ ಹೋಗಿ ಈ ಯಂತ್ರದ ಮ್ಯಾಕ್ ವಿಳಾಸಕ್ಕೆ ಅದೇ ಐಪಿಯನ್ನು ಕಾಯ್ದಿರಿಸಿ. ಇಲ್ಲದಿದ್ದರೆ ಯಾವತ್ತೋ ಒಂದು ದಿನ ರೂಟರ್ ಬೇರೆ ವಿಳಾಸ ಕೊಟ್ಟು, ಮೂರೂ ಕಂಪ್ಯೂಟರಿನಲ್ಲಿ ‘ನಾಸ್ ಸಿಗುತ್ತಿಲ್ಲ’ ಎಂಬ ಗೊಂದಲ ಏಳುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಈ ಸಾಫ್ಟ್‌ವೇರ್‌ನಲ್ಲಿ ‘ಸೇವ್’ ಒತ್ತಿದ ಮಾತ್ರಕ್ಕೆ ಬದಲಾವಣೆ ಜಾರಿಗೆ ಬರುವುದಿಲ್ಲ. ಮೇಲ್ಗಡೆ ಹಳದಿ ಪಟ್ಟಿಯೊಂದು ಬಂದು ‘ಬಾಕಿ ಬದಲಾವಣೆಗಳಿವೆ’ ಎನ್ನುತ್ತದೆ. ಅದರಲ್ಲಿರುವ ಸರಿ ಗುರುತನ್ನು ಒತ್ತಿದರಷ್ಟೇ ಕೆಲಸ ಆದಂತೆ. ‘ಎಲ್ಲ ಮಾಡಿದೆ, ಫೋಲ್ಡರ್ ಕಾಣುತ್ತಿಲ್ಲ’ ಎಂಬ ಪತ್ರಗಳಲ್ಲಿ ಅರ್ಧಕ್ಕೆ ಈ ಪಟ್ಟಿಯೇ ಉತ್ತರ.

ಯಂತ್ರ ನಿಲ್ಲಿಸಿ, ದೊಡ್ಡ ಡಿಸ್ಕ್‌ಗಳನ್ನು ಸಿಕ್ಕಿಸಿ, ಮತ್ತೆ ಶುರು ಮಾಡಿ. ಹೊಸ ಡಿಸ್ಕ್ ಆದರೆ ‘ಸ್ಟೋರೇಜ್’ ವಿಭಾಗದ ‘ಡಿಸ್ಕ್ಸ್’ನಲ್ಲಿ ವೈಪ್ ಮಾಡಿ (ಪೂರ್ತಿ ಅಳಿಸಿ), ‘ಫೈಲ್ ಸಿಸ್ಟಮ್ಸ್’ನಲ್ಲಿ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಜೋಡಣೆಯ ಬಗೆ) ಮಾಡಿ ಮೌಂಟ್ ಮಾಡಿ, ಅಂದರೆ ಬಳಕೆಗೆ ತನ್ನಿ. ಅದರಲ್ಲಿ ಈಗಾಗಲೇ ಫೋಟೊಗಳಿದ್ದರೆ ವೈಪ್ ಗುಂಡಿಯ ಹತ್ತಿರವೂ ಹೋಗಬೇಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಹಾಗೆಯೇ ಮೌಂಟ್ ಮಾಡಬಹುದು, ಆದರೆ ಅದರ ಮೇಲೆ ಯಾರಿಗೆ ಯಾವ ಹಕ್ಕು ಎಂಬ ಲೆಕ್ಕ ನೆಟ್ಟಗೆ ನಡೆಯುವುದಿಲ್ಲ. ಫೋಟೊಗಳನ್ನು ಇಎಕ್ಸ್‌ಟಿ4 ಡಿಸ್ಕ್‌ಗೆ ನಕಲಿಸಿಕೊಂಡು ಆಮೇಲೆ ಅದನ್ನು ವೈಪ್ ಮಾಡುವುದು ಲೇಸು. 4 ಟಿಬಿ ಎಂದು ಕೊಂಡ ಡಿಸ್ಕ್ ಇಲ್ಲಿ 3.64 ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ಸಾಫ್ಟ್‌ವೇರ್‌ನದು 1024ರ ಲೆಕ್ಕ.

ಆಮೇಲೆ ಶೇರ್ಡ್ ಫೋಲ್ಡರ್, ಬಳಕೆದಾರರು, ಕೊನೆಗೆ ಎಸ್‌ಎಂಬಿ ಸೇವೆ (ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಹಂಚುವ ವಿಧಾನ), ಈ ಕ್ರಮದಲ್ಲೇ ಮಾಡಿ. ಬ್ರೌಸರ್‌ನಲ್ಲಿ ಬಳಸುವ ಅಡ್ಮಿನ್ ಖಾತೆಯಿಂದ ಫೋಲ್ಡರ್ ತೆರೆಯಲು ಆಗುವುದಿಲ್ಲ. ಪ್ರತಿ ಎಡಿಟರ್‌ಗೂ ಬೇರೆ ಖಾತೆ ಮಾಡಿ, ಫೋಲ್ಡರಿನ ‘ಪರ್ಮಿಶನ್ಸ್’ನಲ್ಲಿ ಓದುವ, ಬರೆಯುವ ಹಕ್ಕು ಕೊಡಿ. ಪಕ್ಕದಲ್ಲೇ ಇರುವ ‘ಎಸಿಎಲ್’ ಎಂಬುದನ್ನು ಮುಟ್ಟಬೇಡಿ. ಎರಡನ್ನೂ ಬೆರೆಸಿದರೆ ಯಾರಿಗೆ ಯಾಕೆ ಬಾಗಿಲು ಮುಚ್ಚಿತು ಎಂದು ಬಿಡಿಸುವುದು ಕಷ್ಟ.

ಇನ್ನು ರೇಡ್. ನಿಮ್ಮಂಥ ಸ್ಟುಡಿಯೊಗೆ ನಮ್ಮ ಸಲಹೆ, ಬೇಡ. ರೇಡ್ 1 (ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾ ಇಡುವ ಬಗೆ) ಮಾಡಿದರೆ ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲುವುದಿಲ್ಲ, ಸರಿ. ಆದರೆ ಕೈತಪ್ಪಿ ಒಂದು ಮದುವೆಯ ಫೋಲ್ಡರ್ ಅಳಿಸಿದರೆ ಅದೇ ಕ್ಷಣ ಎರಡೂ ಡಿಸ್ಕ್‌ನಿಂದ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಬಂದರೂ ಅದೇ ಕಥೆ. ಸ್ಟುಡಿಯೊಗಳಲ್ಲಿ ಡಿಸ್ಕ್ ಸಾಯುವುದಕ್ಕಿಂತ ಹೆಚ್ಚು ಸಲ ಆಗುವುದು ಕೈತಪ್ಪೇ. ಒಂದು ಡಿಸ್ಕನ್ನು ಕೆಲಸಕ್ಕೆ ಇಟ್ಟು, ಇನ್ನೊಂದಕ್ಕೆ ರಾತ್ರಿ 2 ಗಂಟೆಗೆ ಆರ್‌ಸಿಂಕ್ ಎಂಬ ನಕಲು ಸಾಧನದಿಂದ ನಕಲು ಹೋಗುವಂತೆ ಮಾಡಿ. ಆರ್‌ಸಿಂಕ್ ಕೆಲಸದಲ್ಲಿ ‘ಡಿಲೀಟ್’ ಆಯ್ಕೆಗೆ ಗುರುತು ಹಾಕಬೇಡಿ, ಎರಡನೆಯ ಡಿಸ್ಕನ್ನು ಎಸ್‌ಎಂಬಿಯಲ್ಲಿ ಯಾರಿಗೂ ಹಂಚಬೇಡಿ. ಮೂರನೆಯ ನಕಲು ಯುಎಸ್‌ಬಿ ಡಿಸ್ಕ್‌ನಲ್ಲಿ ಮನೆಯಲ್ಲಿರಲಿ, ಸ್ಟುಡಿಯೊದಲ್ಲಲ್ಲ. ಇಷ್ಟಾದ ಮೇಲೂ ರೇಡ್ ಬೇಕೆನಿಸಿದರೆ 7ನೇ ಆವೃತ್ತಿಯಲ್ಲಿ ಅದು ಪ್ಲಗಿನ್ ರೂಪದಲ್ಲಿದೆ, ‘ಎಂಡಿ’ ಎಂದು ಹುಡುಕಿ.

ಡಿಸ್ಕ್ ಸ್ಥಿತಿಯನ್ನು ಮನೆಯಿಂದ ನೋಡುವುದಕ್ಕಿಂತ, ಕೆಟ್ಟಾಗ ಅದೇ ನಿಮಗೆ ಹೇಳುವಂತೆ ಮಾಡುವುದು ಮುಖ್ಯ. ಕಂಟ್ರೋಲ್ ಪ್ಯಾನಲನ್ನು ದಿನಾ ತೆರೆದು ನೋಡುವವರು ಯಾರೂ ಇಲ್ಲ. ‘ನೋಟಿಫಿಕೇಶನ್’ ಪುಟದಲ್ಲಿ ಜಿಮೇಲ್‌ನ ಎಸ್‌ಎಂಟಿಪಿ ಸರ್ವರ್, ಪೋರ್ಟ್ 587 ಕೊಡಿ. ನಿಮ್ಮ ಮಾಮೂಲಿ ಜಿಮೇಲ್ ಪಾಸ್‌ವರ್ಡ್ ಕೆಲಸ ಮಾಡುವುದಿಲ್ಲ, 2022ರ ಮೇ ಕೊನೆಯಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ಕೊಡಬೇಕು. ಟೆಸ್ಟ್ ಮೇಲ್ ಕಳಿಸಿ, ಬಂದದ್ದನ್ನು ಕಣ್ಣಾರೆ ನೋಡಿ. ಆಮೇಲೆ ‘ಸ್ಮಾರ್ಟ್’ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ವರದಿ ಮಾಡುವ ವ್ಯವಸ್ಥೆ) ಪುಟದಲ್ಲಿ ಸೇವೆಯನ್ನೂ ಪ್ರತಿ ಡಿಸ್ಕ್‌ನ ನಿಗಾವನ್ನೂ ಬೇರೆಬೇರೆಯಾಗಿ ಆನ್ ಮಾಡಬೇಕು, ಒಂದನ್ನೇ ಮಾಡಿದರೆ ಏನೂ ನಡೆಯದು. ವಾರಕ್ಕೊಮ್ಮೆ ಶಾರ್ಟ್ ಟೆಸ್ಟ್, ತಿಂಗಳಿಗೊಮ್ಮೆ ಲಾಂಗ್ ಟೆಸ್ಟ್ ಇಡಿ. 4 ಟಿಬಿ ಡಿಸ್ಕ್‌ಗೆ ಲಾಂಗ್ ಟೆಸ್ಟ್ ಏಳೆಂಟು ಗಂಟೆಯಾದರೂ ಹಿಡಿಯುತ್ತದೆ, ಹಾಗಾಗಿ ಶನಿವಾರ ರಾತ್ರಿಗೆ ಇಟ್ಟರೆ ಒಳ್ಳೆಯದು.

ಪ್ರಶ್ನೆ: ರ್‍ಯಾಸ್ಪ್‌ಬೆರಿ ಪೈ 4ಕ್ಕೆ ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್ ಸಿಕ್ಕಿಸಿ ಓಪನ್‌ಮೀಡಿಯಾವಾಲ್ಟ್ ಹಾಕಿದ್ದೇನೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಒಂದು ಡಿಸ್ಕ್ ಮಾಯವಾಗುತ್ತದೆ, ರೀಬೂಟ್ ಮಾಡಿದರೆ ಬರುತ್ತದೆ. (ಶಿವಮೊಗ್ಗ)

ಉತ್ತರ: ಪವರ್ ಸಾಲುತ್ತಿಲ್ಲ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಎರಡು ಪೋರ್ಟಬಲ್ ಡಿಸ್ಕ್ ಒಟ್ಟಿಗೆ ಓಡಿದರೆ ಅದನ್ನು ಮೀರುತ್ತವೆ. ಪೈ 5ರಲ್ಲಿ 5 ಆಂಪಿಯರ್ ಅಡಾಪ್ಟರ್ ಇದ್ದರೆ 1.6 ಆಂಪಿಯರ್, ಸಾಮಾನ್ಯ ಅಡಾಪ್ಟರ್ ಆದರೆ 600 ಮಿಲಿಆಂಪಿಯರ್ ಅಷ್ಟೆ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ, ಇಲ್ಲವೇ 12 ವೋಲ್ಟ್ ಅಡಾಪ್ಟರ್ ಜೊತೆಗೇ ಬರುವ ಮೂರೂವರೆ ಇಂಚಿನ ಡಿಸ್ಕ್ ಬಳಸಿ. ಅದಾದ ಮೇಲೂ ಮಾಯವಾಗುವುದು ನಿಲ್ಲದಿದ್ದರೆ ಡಿಸ್ಕ್ ಪೆಟ್ಟಿಗೆಯೊಳಗಿನ ಯುಎಸ್‌ಬಿ-ಸಾಟಾ ಚಿಪ್ ಮೇಲೆ ಅನುಮಾನಪಡಿ. ಕೆಲವು ಚಿಪ್‌ಗಳಿಗೂ ಲಿನಕ್ಸ್‌ನ ಯುಎಎಸ್‌ಪಿಗೂ (ಯುಎಸ್‌ಬಿ ಡಿಸ್ಕ್‌ನ ವೇಗ ಹೆಚ್ಚಿಸುವ ವಿಧಾನ) ಹೊಂದಾಣಿಕೆ ಇಲ್ಲ, ಆ ಪೆಟ್ಟಿಗೆಗೆ ಯುಎಎಸ್‌ಪಿ ಆಫ್ ಮಾಡಿದರೆ ವೇಗ ಸ್ವಲ್ಪ ತಗ್ಗಿದರೂ ಡಿಸ್ಕ್ ಮಾಯವಾಗದೆ ಉಳಿಯುತ್ತದೆ.

ಪೈಯಲ್ಲಿ ರೇಡ್ ಮಾಡಲು ಹೊರಟರೆ ಡಿಸ್ಕ್‌ಗಳು ಪಟ್ಟಿಯಲ್ಲೇ ಕಾಣುವುದಿಲ್ಲ, ಯುಎಸ್‌ಬಿ ಡಿಸ್ಕ್‌ಗೆ ರೇಡ್ ಬೇಡವೆಂದು ಈ ಸಾಫ್ಟ್‌ವೇರ್ ಬೇಕೆಂದೇ ತಡೆದಿದೆ. ನಿಮಗೆ ಈಗ ಆಗುತ್ತಿರುವುದೇ ಅದಕ್ಕೆ ಕಾರಣ: ನಡುವೆ ಮಾಯವಾಗುವ ಡಿಸ್ಕನ್ನು ರೇಡ್ ಸತ್ತದ್ದೆಂದೇ ಎಣಿಸುತ್ತದೆ. ಹೊಸದಾಗಿ ಹಾಕುವವರು ರ್‍ಯಾಸ್ಪ್‌ಬೆರಿ ಪೈ ಓಎಸ್‌ನ 64 ಬಿಟ್ ‘ಲೈಟ್’ ಆವೃತ್ತಿಯನ್ನೇ ಆರಿಸಿಕೊಳ್ಳಿ, ಡೆಸ್ಕ್‌ಟಾಪ್ ಇರುವುದರ ಮೇಲೆ ಹಾಕಿದರೆ ಎಡವಟ್ಟಾಗುತ್ತದೆ. ಮೆಮೊರಿ ಕಾರ್ಡ್ ಸವೆಯದಂತೆ ಫ್ಲ್ಯಾಶ್‌ಮೆಮೊರಿ ಅಥವಾ ರೈಟ್‌ಕ್ಯಾಶ್ ಪ್ಲಗಿನ್ ಇರಲಿ.

ಪ್ರಶ್ನೆ: ಅಪ್ಪ ಅಮ್ಮ ಶಿರಸಿಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಅಲ್ಲಿನ ನಾಸನ್ನು ಇಲ್ಲಿಂದ ತೆರೆಯಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ. ಆಗುತ್ತಿಲ್ಲ. ಏನು ತಪ್ಪು? (ಬೆಂಗಳೂರು)

ಉತ್ತರ: ಆಗದೇ ಇದ್ದದ್ದು ಒಳ್ಳೆಯದೇ ಆಯಿತು. ಮೊದಲು ಆ ಫಾರ್ವರ್ಡ್ ನಿಯಮವನ್ನು ಅಳಿಸಿ, ರೂಟರ್‌ನಲ್ಲಿ ಯುಪಿಎನ್‌ಪಿ (ಯಂತ್ರಗಳು ತಾವೇ ಇಂಥ ಬಾಗಿಲು ತೆರೆಸಿಕೊಳ್ಳುವ ಸೌಲಭ್ಯ) ಇದ್ದರೆ ಅದನ್ನೂ ಆಫ್ ಮಾಡಿ.

ಯಾಕೆ ಆಗಲಿಲ್ಲ ಎಂದರೆ ಬಹುಶಃ ಅಲ್ಲಿನ ಫೈಬರ್ ಸಂಪರ್ಕಕ್ಕೆ ತನ್ನದೇ ಪಬ್ಲಿಕ್ ಐಪಿ ಇಲ್ಲ. ತಾಳೆ ನೋಡುವುದು ಸುಲಭ. ಶಿರಸಿಯ ರೂಟರಿನ ಪುಟದಲ್ಲಿ ‘ವ್ಯಾನ್ ಐಪಿ’ ಎಷ್ಟಿದೆ ನೋಡಿ. ಅದೇ ಮನೆಯ ಫೋನಿನಲ್ಲಿ ‘ನನ್ನ ಐಪಿ ಏನು’ ಎಂದು ಹುಡುಕಿ. ಎರಡೂ ಬೇರೆಯಾಗಿದ್ದರೆ, ಅದರಲ್ಲೂ ರೂಟರಿನದು 100.64ರಿಂದ 100.127ರ ಒಳಗೆ ಅಥವಾ 10ರಿಂದ ಶುರುವಾಗಿದ್ದರೆ, ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ನೀವು ನಿಮ್ಮ ಮನೆಯ ಬಾಗಿಲು ತೆರೆದರೂ ಬೀದಿಯ ಗೇಟು ಕಂಪನಿಯ ಕೈಯಲ್ಲಿರುತ್ತದೆ.

ಪಬ್ಲಿಕ್ ಐಪಿ ಇದ್ದವರೂ ನಾಸ್‌ನ ಕಂಟ್ರೋಲ್ ಪ್ಯಾನಲನ್ನು ಇಂಟರ್ನೆಟ್‌ಗೆ ಬಿಡಬಾರದು. 2014ರಲ್ಲಿ ಸಿನಾಲಜಿ ಪೆಟ್ಟಿಗೆಗಳ ಮೇಲೆ ಸಿನೋಲಾಕರ್ ದಾಳಿ ಆಯಿತು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಗಳು ದೂರದಿಂದಲೇ ಫ್ಯಾಕ್ಟರಿ ರೀಸೆಟ್ ಆಗಿ ಜನರ ಫೈಲ್‌ಗಳೆಲ್ಲ ಅಳಿಸಿಹೋದವು. ಅವುಗಳಿಗೆ ಕೊನೆಯ ಅಪ್‌ಡೇಟ್ ಬಂದದ್ದು 2015ರಲ್ಲಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ ಕ್ಯೂನ್ಯಾಪ್ ಪೆಟ್ಟಿಗೆಗಳ ಫೈಲ್‌ಗಳಿಗೆ ಬೀಗ ಹಾಕಿ ತಲಾ 0.03 ಬಿಟ್‌ಕಾಯಿನ್ ಕೇಳಿತು. ಈ ಪ್ರಕರಣಗಳಲ್ಲಿ ಪೆಟ್ಟು ತಿಂದವು ಇಂಟರ್ನೆಟ್‌ನಿಂದ ನೇರವಾಗಿ ಮುಟ್ಟಬಹುದಾಗಿದ್ದ ಪೆಟ್ಟಿಗೆಗಳು. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಸಾಫ್ಟ್‌ವೇರಿನ ತೂತಿನಲ್ಲಿ ನುಗ್ಗುವವರಿಗೆ ಅದು ಅಡ್ಡವಾಗದು.

ಸರಿಯಾದ ದಾರಿ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕವೇ ಹಾಯುವ ಖಾಸಗಿ ಸಂಪರ್ಕ. ಸಿಜಿನ್ಯಾಟ್ ಇದ್ದರೂ ಸುಲಭವಾಗಿ ನಡೆಯುವುದು ಟೇಲ್‌ಸ್ಕೇಲ್. ಇದು ವೈರ್‌ಗಾರ್ಡ್ ತಂತ್ರದ ಮೇಲೆ ನಿಂತದ್ದು, ಮನೆ ಬಳಕೆಗೆ ಉಚಿತ ಯೋಜನೆ ಇದೆ. ನಾಸ್‌ನಲ್ಲಿ ಡೆಬಿಯನ್‌ಗೆಂದು ಅವರು ಕೊಟ್ಟಿರುವ ವಿಧಾನದಲ್ಲಿ ಹಾಕಿ, ಅದು ಕೊಡುವ ಲಿಂಕನ್ನು ಬ್ರೌಸರ್‌ನಲ್ಲಿ ತೆರೆದು ಲಾಗಿನ್ ಆಗಿ. ನಿಮ್ಮ ಲ್ಯಾಪ್‌ಟಾಪ್, ಫೋನ್‌ಗಳಲ್ಲೂ ಅದೇ ಖಾತೆಯಿಂದ ಲಾಗಿನ್ ಆಗಿ. ಪ್ರತಿ ಯಂತ್ರಕ್ಕೂ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ಬೆಂಗಳೂರಿನಿಂದ ನಾಸ್ ತೆರೆಯುವಾಗ ಆ ವಿಳಾಸವನ್ನೇ ಬಳಸಿ. 192.168.1.20 ಎಂದು ಹೊಡೆದರೆ, ನಿಮ್ಮ ಬೆಂಗಳೂರಿನ ರೂಟರ್ ಕೂಡ 192.168.1 ಸಾಲನ್ನೇ ಬಳಸುತ್ತಿದ್ದರೆ, ತೆರೆಯುವುದು ಇಲ್ಲಿನ ಪ್ರಿಂಟರೋ ಟಿವಿಯೋ ಆಗಿರುತ್ತದೆ.

ಒಂದು ಆಯ್ಕೆಯನ್ನು ಮಾತ್ರ ಮರೆಯಬೇಡಿ. ಟೇಲ್‌ಸ್ಕೇಲ್ ಪ್ರತಿ ಯಂತ್ರದ ಕೀಲಿಗೆ 180 ದಿನದ ಅವಧಿ ಇಡುತ್ತದೆ. ಅವಧಿ ಮುಗಿದರೆ ಆ ಯಂತ್ರದ ಮುಂದೆ ಕೂತು ಮತ್ತೆ ಲಾಗಿನ್ ಆಗಬೇಕು, ಅಂದರೆ ಶಿರಸಿ ಬಸ್ಸು ಹತ್ತಬೇಕು. ಅವರ ಅಡ್ಮಿನ್ ಪುಟದಲ್ಲಿ ನಾಸ್‌ಗೆ ಮಾತ್ರ ‘ಕೀ ಎಕ್ಸ್‌ಪೈರಿ’ಯನ್ನು ನಿಲ್ಲಿಸಿ, ಲ್ಯಾಪ್‌ಟಾಪ್, ಫೋನ್‌ಗೆ ಇರಲಿ ಬಿಡಿ. ಲಾಗಿನ್‌ಗೆ ಬಳಸುವ ಖಾತೆಗೆ ಎರಡು ಹಂತದ ಪರಿಶೀಲನೆ ಕಡ್ಡಾಯ, ಈಗ ಮನೆಯ ಕೀಲಿ ಅದೇ.

ವೇಗದ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. ನೀವು ಇಲ್ಲಿ ಇಳಿಸಿಕೊಳ್ಳುವುದು ಶಿರಸಿಯ ಅಪ್‌ಲೋಡ್ ವೇಗದಲ್ಲಿ. ಅಲ್ಲಿ ಅಪ್‌ಲೋಡ್ 40 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ 5 ಎಂಬಿ ಮೀರುವುದಿಲ್ಲ.

ಪ್ರಶ್ನೆ: ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ಕಚೇರಿಯ ನಾಸ್ ತೆರೆಯುತ್ತಿಲ್ಲ. ಮೊದಲು ಪಾಸ್‌ವರ್ಡ್ ಇಲ್ಲದೆಯೇ ತೆರೆಯುತ್ತಿತ್ತು. ರಿಜಿಸ್ಟ್ರಿ ಬದಲಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. (ಮಂಗಳೂರು)

ಉತ್ತರ: ಪಾಸ್‌ವರ್ಡ್ ಇಲ್ಲದೆ ತೆರೆಯುತ್ತಿತ್ತು ಎಂಬುದರಲ್ಲೇ ಕಾರಣ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ ‘ಗೆಸ್ಟ್’ ಆಗಿ ಒಳಹೋಗುವುದನ್ನು ನಿಲ್ಲಿಸಿದ್ದಾರೆ, ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಸಹಿ ಹಾಕುವುದು) ಕಡ್ಡಾಯ ಮಾಡಿದ್ದಾರೆ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಪಾಸ್‌ವರ್ಡ್ ಇಲ್ಲದೆ ಸಹಿ ಸಾಧ್ಯವಿಲ್ಲ. ರಿಜಿಸ್ಟ್ರಿ ಬದಲಿಸಿದರೆ ತೆರೆಯುತ್ತದೆ ನಿಜ, ಆದರೆ ಪ್ರತಿ ಕಂಪ್ಯೂಟರಿನ ರಕ್ಷಣೆಯನ್ನೂ ಕಡಿಮೆ ಮಾಡಿದಂತೆ. ಅದರ ಬದಲು ನಾಸ್‌ನಲ್ಲಿ ಪ್ರತಿಯೊಬ್ಬರಿಗೂ ಖಾತೆ ಮಾಡಿ. ಐದಾರು ಜನರ ಕಚೇರಿಗೆ ಅರ್ಧ ಗಂಟೆಯ ಕೆಲಸ.

ಖಾತೆ ಮಾಡಿದ ಮೇಲೂ ತೆರೆಯದಿದ್ದರೆ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ನೋಡಿ. ಅಲ್ಲಿ ಹಳೆಯ ಗೆಸ್ಟ್ ನಮೂದು ಕೂತಿರುತ್ತದೆ, ಅಳಿಸಿ ಲಾಗ್ ಆಫ್ ಆಗಿ ಬನ್ನಿ. ಕೇಳುವುದು ನಾಸ್‌ನ ಪಾಸ್‌ವರ್ಡ್, ಕಂಪ್ಯೂಟರ್ ತೆರೆಯುವ ನಾಲ್ಕಂಕಿಯ ಪಿನ್ ಅಲ್ಲ. 1219 ಎಂಬ ದೋಷ ಬಂದರೆ ಒಂದೇ ಕಂಪ್ಯೂಟರಿನಿಂದ ಅದೇ ನಾಸ್‌ಗೆ ಎರಡು ಹೆಸರಿನಲ್ಲಿ ಹೋಗಲು ನೋಡುತ್ತಿದ್ದೀರಿ ಎಂದರ್ಥ, ಮೊದಲಿನ ಮ್ಯಾಪ್ ಆದ ಡ್ರೈವ್ ಕಡಿದುಹಾಕಿ. ‘ನೆಟ್‌ವರ್ಕ್’ ಕಿಟಕಿಯಲ್ಲಿ ನಾಸ್ ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ವಿಳಾಸ ಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಐಪಿ ಬರೆದರೆ ಸಾಕು.

ನಿಮ್ಮ ಪೆಟ್ಟಿಗೆ ತೀರ ಹಳೆಯದಾಗಿ ಎಸ್‌ಎಂಬಿ 1 ಮಾತ್ರ ಬಲ್ಲದ್ದಾದರೆ ಅದಕ್ಕಾಗಿ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಆನ್ ಮಾಡಬೇಡಿ. 2017ರ ಮೇನಲ್ಲಿ ವನ್ನಾಕ್ರೈ ಹಬ್ಬಿದ್ದು ಅದೇ ದಾರಿಯಲ್ಲಿ. ಡೇಟಾ ಇಳಿಸಿಕೊಂಡು ಪೆಟ್ಟಿಗೆಗೆ ವಿದಾಯ ಹೇಳಿ.

ಪ್ರಶ್ನೆ: ನಾವು ಪುಸ್ತಕ ಪ್ರಕಾಶಕರು. ಫೈಲ್‌ಗಳಿಗೆ ಕನ್ನಡದಲ್ಲೇ ಹೆಸರಿಡುತ್ತೇವೆ. ವಿಂಡೋಸ್‌ನಿಂದ ನಾಸ್‌ಗೆ ಕಾಪಿ ಮಾಡುವಾಗ ಕೆಲವು ಮಾತ್ರ ಹೋಗುವುದಿಲ್ಲ, ಹೆಸರು ಉದ್ದವಾಯಿತು ಎನ್ನುತ್ತದೆ. ನೋಡಿದರೆ ಅಷ್ಟೇನೂ ಉದ್ದವಿಲ್ಲ. ಸಾಫ್ಟ್‌ವೇರ್ ಸರಿಯಾಗಿ ಇನ್‌ಸ್ಟಾಲ್ ಆಗಿಲ್ಲವೇ? (ಧಾರವಾಡ)

ಉತ್ತರ: ಇನ್‌ಸ್ಟಾಲ್ ಸರಿಯಾಗಿಯೇ ಆಗಿದೆ. ಇದು ಕನ್ನಡದವರಿಗೆ ಬೇಗ ತಟ್ಟುವ, ಇಂಗ್ಲಿಷ್ ಕೈಪಿಡಿಗಳಲ್ಲಿ ಕಾಣಸಿಗದ ತೊಡಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಸಂಕೇತಗಳ ಮಿತಿ ಇಟ್ಟಿದೆ. ನಾಸ್‌ನ ಇಎಕ್ಸ್‌ಟಿ4 ಇಟ್ಟಿರುವುದು 255 ಬೈಟ್‌ಗಳ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದ್ದರಿಂದ ಅವರಿಗೆ ಎರಡೂ ಒಂದೇ. ನಾಸ್ ಹೆಸರುಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಹಾಗಾಗಿ ನಮಗೆ ಸಿಗುವುದು 85 ಸಂಕೇತ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವುದು ಒಳಗೆ ಒಂದೇ ಸಂಕೇತವಲ್ಲ: ‘ವಿ’ ಎಂದರೆ ವ ಮತ್ತು ಗುಡಿಸು, ಎರಡು, ‘ಕ್ಷ’ ಎಂದರೆ ಕ, ಹಲಂತ, ಷ, ಮೂರು. ‘ವಿಶ್ವವಿದ್ಯಾಲಯ’ ಎಂಬ ಒಂದು ಪದಕ್ಕೇ 13 ಸಂಕೇತ, 39 ಬೈಟ್. ಲೇಖಕರ ಹೆಸರು, ಪುಸ್ತಕದ ಹೆಸರು, ಅಧ್ಯಾಯ, ‘ಕೊನೆಯ ತಿದ್ದುಪಡಿ’ ಎಲ್ಲ ಸೇರಿಸಿದರೆ 255 ದಾಟುವುದು ಏನೇನೂ ಕಷ್ಟವಲ್ಲ.

ಫೈಲ್ ಸಿಸ್ಟಮ್ ಬದಲಿಸಿ ಪ್ರಯೋಜನವಿಲ್ಲ, ಬಿಟಿಆರ್‌ಎಫ್‌ಎಸ್ ಮತ್ತು ಎಕ್ಸ್‌ಎಫ್‌ಎಸ್‌ಗೂ ಅದೇ ಮಿತಿ. ಮಿತಿ ಇರುವುದು ಪ್ರತಿ ಹೆಸರಿಗೆ, ಪೂರ್ತಿ ದಾರಿಗಲ್ಲ. ಆದ್ದರಿಂದ ಲೇಖಕರ ಹೆಸರಿನ ಫೋಲ್ಡರ್, ಅದರೊಳಗೆ ಪುಸ್ತಕದ ಫೋಲ್ಡರ್, ಅದರೊಳಗೆ ಚಿಕ್ಕ ಹೆಸರಿನ ಫೈಲ್ ಎಂದು ಹಂಚಿದರೆ ಹೆಸರುಗಳನ್ನು ಕನ್ನಡದಲ್ಲೇ ಉಳಿಸಿಕೊಳ್ಳಬಹುದು. ತಿದ್ದುಪಡಿಯ ಗುರುತಿಗೆ ದಿನಾಂಕವನ್ನು 20250614 ಎಂಬಂತೆ ಇಂಗ್ಲಿಷ್ ಅಂಕಿಯಲ್ಲಿ ಬರೆದರೆ ಅಂಕಿಗೆ ಒಂದೇ ಬೈಟ್, ಫೈಲ್‌ಗಳೂ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಇನ್ನೊಂದು ಮಾತು: ಒಂದೇ ಹೆಸರಿನ ಎರಡು ಫೈಲ್ ಅಕ್ಕಪಕ್ಕ ಕಂಡರೆ ಗಾಬರಿ ಬೇಡ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮತ್ತು ‘ವೇ’ ಅಂಟದಿರಲಿ ಎಂದು ಕೀಲಿಮಣೆ ನಡುವೆ ಕಾಣದ ಸಂಕೇತವೊಂದನ್ನು ಇಡುತ್ತದೆ. ನೋಡಲು ಒಂದೇ ಆಗಿರುವ ಎರಡು ಹೆಸರುಗಳಲ್ಲಿ ಇಂಥ ಸಂಕೇತ ಒಂದರಲ್ಲಿ ಹೆಚ್ಚಿದ್ದರೂ ನಾಸ್‌ಗೆ ಅವು ಬೇರೆ ಬೇರೆ. ಆ ಸಂಕೇತಕ್ಕೂ ಮೂರು ಬೈಟ್.

ಪ್ರಶ್ನೆ: ಸ್ಮಾರ್ಟ್ ವರದಿಯಲ್ಲಿ 199ನೇ ಸಾಲಿನ ಸಂಖ್ಯೆ 340 ಆಗಿದೆ. ಡಿಸ್ಕ್ ಬದಲಿಸಬೇಕೆ? (ತುಮಕೂರು)

ಉತ್ತರ: ಡಿಸ್ಕ್ ಅಲ್ಲ, ಕೇಬಲ್ ಬದಲಿಸಿ. 199 ಎಂದರೆ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ. ಈ ಸಂಖ್ಯೆ ಇಳಿಯುವುದಿಲ್ಲ, ಹೊಸ ಕೇಬಲ್ ಹಾಕಿದ ಮೇಲೆ 340ರಲ್ಲೇ ನಿಂತರೆ ರೋಗ ವಾಸಿಯಾದಂತೆ. ಡಿಸ್ಕ್‌ನದೇ ಆರೋಗ್ಯ ತಿಳಿಯಲು 5, 187, 197, 198 ಈ ಸಾಲುಗಳನ್ನು ನೋಡಿ. 197 ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು. ಸೊನ್ನೆಯಲ್ಲದಿದ್ದರೆ ಅಂದೇ ಬ್ಯಾಕಪ್ ತಾಳೆ ನೋಡಿ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ.

ಪ್ರಶ್ನೆ: ಎಷ್ಟೇ ದೊಡ್ಡ ಫೈಲ್ ಆದರೂ ಸೆಕೆಂಡಿಗೆ 11 ಎಂಬಿ ಮೀರಿ ಕಾಪಿ ಆಗುವುದಿಲ್ಲ. (ಕಲಬುರಗಿ)

ಉತ್ತರ: ಲಿಂಕ್ 100 ಎಂಬಿಪಿಎಸ್‌ನಲ್ಲಿ ನಿಂತಿದೆ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಒಂದು ತಂತಿ ಸಡಿಲವಾದರೂ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಕನೆಕ್ಟರ್ ಹೊಸದಾಗಿ ಕ್ರಿಂಪ್ ಮಾಡಿಸಿ, ನಡುವಿನ ಸ್ವಿಚ್ ಹಳೆಯ 10/100 ಅಲ್ಲವೆಂದು ನೋಡಿ. ಸರಿಹೋದರೆ 100ರಿಂದ 110 ಎಂಬಿ ಬರುತ್ತದೆ.

ಪ್ರಶ್ನೆ: ಲೆಕ್ಕಪರಿಶೋಧಕರ ಕಚೇರಿ ನಮ್ಮದು. ವಿಂಡೋಸ್ ಸರ್ವರ್‌ನಲ್ಲಿ ಮೆಗಾರೇಡ್ ಕಾರ್ಡ್, ನಾಲ್ಕು ಡಿಸ್ಕ್‌ನ ರೇಡ್ 5 ಇದೆ. ನಿನ್ನೆಯಿಂದ ಸರ್ವರ್ ಬೀಪ್ ಬೀಪ್ ಎನ್ನುತ್ತಿದೆ, ಆದರೆ ಎಲ್ಲ ಕೆಲಸ ಮಾಡುತ್ತಿದೆ. ಕಾರ್ಡ್‌ನ ಸಾಫ್ಟ್‌ವೇರ್ ನನ್ನ ಕಂಪ್ಯೂಟರಿನಲ್ಲಿ ಹಾಕಿದರೂ ಸರ್ವರ್ ಕಾಣುತ್ತಿಲ್ಲ. (ಬೆಳಗಾವಿ)

ಉತ್ತರ: ಒಂದು ಡಿಸ್ಕ್ ಸತ್ತಿರಬೇಕು. ರೇಡ್ 5 ತಡೆದುಕೊಳ್ಳುವುದು ಒಂದೇ ಡಿಸ್ಕ್‌ನ ಸಾವನ್ನು, ಇನ್ನೊಂದು ಸತ್ತರೆ ಎಲ್ಲವೂ ಹೋಗುತ್ತದೆ. ಬೇರೇನನ್ನೂ ಮುಟ್ಟುವ ಮೊದಲು ಇವತ್ತಿನ ಬ್ಯಾಕಪನ್ನು ಯುಎಸ್‌ಬಿ ಡಿಸ್ಕ್‌ಗೆ ತೆಗೆಯಿರಿ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ಹಳೆಯ ಕಾರ್ಡ್‌ಗಳದು ಮೆಗಾರೇಡ್ ಸ್ಟೋರೇಜ್ ಮ್ಯಾನೇಜರ್, ಹೊಸವುಗಳದು ಎಲ್‌ಎಸ್‌ಎ. ಮೊದಲನೆಯದನ್ನು ಹಾಕುವಾಗ ಕಂಪ್ಲೀಟ್, ಕ್ಲೈಂಟ್, ಸರ್ವರ್, ಸ್ಟ್ಯಾಂಡ್‌ಅಲೋನ್ ಎಂಬ ನಾಲ್ಕು ಬಗೆ ಕೇಳುತ್ತದೆ. ಸರ್ವರ್‌ನಲ್ಲಿ ‘ಸ್ಟ್ಯಾಂಡ್‌ಅಲೋನ್’ ಆರಿಸಿದ್ದರೆ ಹೊರಗಿನಿಂದ ಅದು ಕಾಣುವುದೇ ಇಲ್ಲ. ಸರ್ವರ್‌ನಲ್ಲಿ ‘ಕಂಪ್ಲೀಟ್’, ನಿಮ್ಮ ಕಂಪ್ಯೂಟರಿನಲ್ಲಿ ‘ಕ್ಲೈಂಟ್’ ಹಾಕಿ. ಆಮೇಲೂ ಕಾಣದಿದ್ದರೆ ಎರಡೂ ಕಡೆಯ ವಿಂಡೋಸ್ ಫೈರ್‌ವಾಲ್‌ನಲ್ಲಿ 3071 ಮತ್ತು 5571 ಪೋರ್ಟ್‌ಗಳನ್ನು ಕಚೇರಿಯ ನೆಟ್‌ವರ್ಕ್‌ಗೆ ಮಾತ್ರ ಬಿಡಿ. ಎಲ್‌ಎಸ್‌ಎ ಆದರೆ ಬ್ರೌಸರ್‌ನಲ್ಲೇ ತೆರೆಯುತ್ತದೆ, ಪೋರ್ಟ್ 2463. ಎರಡಕ್ಕೂ ಲಾಗಿನ್ ಸರ್ವರ್‌ನ ವಿಂಡೋಸ್ ಅಡ್ಮಿನಿಸ್ಟ್ರೇಟರ್ ಖಾತೆಯೇ.

ಒಳಗೆ ಹೋದ ಮೇಲೆ ಅಲಾರಂಗೆ ‘ಸೈಲೆನ್ಸ್’ ಕೊಡಿ, ‘ಡಿಸೇಬಲ್’ ಕೊಡಬೇಡಿ. ಡಿಸೇಬಲ್ ಮಾಡಿದರೆ ಮುಂದಿನ ಡಿಸ್ಕ್ ಸತ್ತಾಗ ಸರ್ವರ್ ತುಟಿ ಪಿಟಕ್ಕೆನ್ನುವುದಿಲ್ಲ. ಸತ್ತ ಡಿಸ್ಕ್ ಯಾವ ಸ್ಲಾಟ್‌ನಲ್ಲಿದೆ ಎಂದು ಅಂದಾಜಿನಿಂದ ಎಳೆಯಬೇಡಿ, ಬದುಕಿರುವುದನ್ನು ಎಳೆದರೆ ಕಥೆ ಮುಗಿಯಿತು. ಸಾಫ್ಟ್‌ವೇರ್‌ನಲ್ಲಿ ಆ ಡಿಸ್ಕ್ ಆರಿಸಿ ‘ಲೊಕೇಟ್’ ಒತ್ತಿದರೆ ಅದರ ದೀಪ ಮಿನುಗುತ್ತದೆ. ಡಿಸ್ಕ್ ಪೂರ್ತಿ ಸತ್ತಿದ್ದು ಮಿನುಗದಿದ್ದರೆ ಉಳಿದ ಮೂರನ್ನೂ ಒಂದೊಂದಾಗಿ ಮಿನುಗಿಸಿ, ದೀಪ ಬಾರದ ಸ್ಲಾಟ್ ಯಾವುದೆಂದು ನೋಡಿ, ಅಂಟಿಸಿದ ಚೀಟಿಯ ಸೀರಿಯಲ್ ನಂಬರನ್ನೂ ತಾಳೆ ಮಾಡಿ.

ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು, ಒಂದು ಸೆಕ್ಟರ್ ಕಡಿಮೆಯಿದ್ದರೂ ಕಾರ್ಡ್ ಒಪ್ಪದಿರಬಹುದು. ಎಸ್‌ಎಂಆರ್ (ಡೇಟಾ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ) ಬಗೆಯ ಡಿಸ್ಕ್ ಬೇಡ, ಅದರ ಮೇಲೆ ರೀಬಿಲ್ಡ್ (ಹೊಸ ಡಿಸ್ಕ್‌ಗೆ ಡೇಟಾ ಮರಳಿ ತುಂಬುವ ಕೆಲಸ) ಬಹಳ ನಿಧಾನವಾಗಿ ಸಾಗುತ್ತದೆ, ಕೆಲವೊಮ್ಮೆ ನಡುವೆ ಸೋಲುತ್ತದೆ. 2020ರಲ್ಲಿ ಡಬ್ಲ್ಯುಡಿ ರೆಡ್‌ನ ಕೆಲವು ಮಾದರಿಗಳು ಎಸ್‌ಎಂಆರ್ ಎಂದು ಹೊರಬಿದ್ದು ಗಲಾಟೆಯಾದದ್ದು ಇದೇ ಕಾರಣಕ್ಕೆ. ಈಗ ‘ರೆಡ್ ಪ್ಲಸ್’ ಎಂದಿರುವುದು ಸಿಎಂಆರ್, ಅಂದರೆ ಸಾಲುಗಳನ್ನು ಹೊದಿಸದ ಬಗೆ. ಅದೇ ಸ್ಲಾಟ್‌ಗೆ ಹಾಕಿದರೆ ಸಾಮಾನ್ಯವಾಗಿ ರೀಬಿಲ್ಡ್ ತಾನಾಗಿ ಶುರುವಾಗುತ್ತದೆ. ಆಗದಿದ್ದರೆ ಆ ಡಿಸ್ಕನ್ನು ಹಾಟ್ ಸ್ಪೇರ್ (ಸತ್ತದ್ದರ ಜಾಗಕ್ಕೆ ಸಿದ್ಧವಿರುವ ಡಿಸ್ಕ್) ಎಂದು ಗುರುತಿಸಿ. ಬೇರೆ ಸರ್ವರ್‌ನಲ್ಲಿ ಬಳಸಿದ ಡಿಸ್ಕ್ ಹಾಕಿದರೆ ‘ಫಾರಿನ್ ಕಾನ್ಫಿಗರೇಶನ್’ ಎಂದು ತೋರಿಸುತ್ತದೆ. ಅದರ ಹಳೆಯ ಡೇಟಾ ಬೇಡವೆಂಬುದು ಖಚಿತವಿದ್ದರಷ್ಟೇ ‘ಕ್ಲಿಯರ್’ ಮಾಡಿ. ನಿಮ್ಮದೇ ಡಿಸ್ಕ್‌ಗಳು ಕೇಬಲ್ ಸಡಿಲವಾಗಿ ಹೊರಗೆ ಹೋಗಿ ಬಂದು ‘ಫಾರಿನ್’ ಎಂದು ಕಂಡಿದ್ದರೆ ಕ್ಲಿಯರ್ ಒತ್ತಿದ ಕ್ಷಣ ರೇಡ್‌ನ ವಿವರವೇ ಅಳಿಯುತ್ತದೆ. ಅಂಥ ಹೊತ್ತಿನಲ್ಲಿ ಕೈಕಟ್ಟಿ ನಿಂತು ತಿಳಿದವರನ್ನು ಕರೆಸಿ.

ರೀಬಿಲ್ಡ್ ರೇಟ್ ಮೊದಲಿಗೆ 30 ಶೇಕಡದಲ್ಲಿರುತ್ತದೆ. ಕಚೇರಿ ಮುಚ್ಚಿದ ಮೇಲೆ 60ಕ್ಕೆ ಏರಿಸಿ, ಬೆಳಗ್ಗೆ 30ಕ್ಕೆ ಇಳಿಸಿದರೆ ಟ್ಯಾಲಿ ಬಳಸುವವರಿಗೆ ತೊಂದರೆಯಾಗುವುದಿಲ್ಲ. ಅದು ಮುಗಿಯುವವರೆಗೆ ಸರ್ವರ್ ರೀಸ್ಟಾರ್ಟ್ ಬೇಡ, ಯುಪಿಎಸ್ ಬ್ಯಾಟರಿ ಎಷ್ಟು ನಿಮಿಷ ತಡೆಯುತ್ತದೆ ಎಂದೂ ನೋಡಿಟ್ಟುಕೊಳ್ಳಿ. ರೀಬಿಲ್ಡ್ ಮುಗಿದ ದಿನವೇ ಇದೇ ಸಾಫ್ಟ್‌ವೇರಿನಲ್ಲಿ ಇಮೇಲ್ ಎಚ್ಚರಿಕೆ ಹಾಕಿ, ಉಳಿದ ಮೂರು ಡಿಸ್ಕ್‌ಗಳ ‘ಮೀಡಿಯಾ ಎರರ್’ ಎಣಿಕೆ ಬರೆದಿಟ್ಟುಕೊಳ್ಳಿ. ನಾಲ್ಕನ್ನೂ ಒಂದೇ ದಿನ ಕೊಂಡಿದ್ದರೆ ಉಳಿದವುಗಳ ವಯಸ್ಸೂ ಅಷ್ಟೇ.